ವೈದ್ಯಶಿಕ್ಷಣದಲ್ಲಿ ವಿಜ್ಞಾನವಿಧಾನ ಮತ್ತು ಸಂಶೋಧನೆಯ ಬೋಧನೆ

ವೈದ್ಯವೃತ್ತಿಯನ್ನು ಕೈಕೊಳ್ಳಲಿರುವ ವಿದ್ಯಾರ್ಥಿಗೆ ಶರೀರರಚನೆ, ಶರೀರಕ್ರಿಯೆ, ರೋಗನಿದಾನ, ಚಿಕಿತ್ಸೆ ಮೊದಲಾದ ಶಾಸ್ತ್ರಗಳ ತಿಳಿವಳಿಕೆಯನ್ನು ಕೊಡುವುದರೊಡನೆ, ಆ ತಿಳಿವಳಿಕೆ ಯಾವ ದಾರಿಯಿಂದ ಬಂದಿತು, ಅದರಲ್ಲಿ ದೃಢವಾದುದೆಷ್ಟು, ಸಂದಿಗ್ಧವಾದುದೆಷ್ಟು, ಹೊಸದೊಂದು ಸಂದೇಹ ಹುಟ್ಟಿದಾಗ ಅದನ್ನು ಬಗೆಹರಿಸಿಕೊಳ್ಳುವ ಕ್ರಮ ಯಾವುದು ಎಂಬುದನ್ನು ಅಭ್ಯಾಸದ ಮೂಲಕ ಮನಗಾಣಿಸುವ ಶಿಕ್ಷಣವನ್ನು ವೈದ್ಯಕೀಯ ಸಂಶೋಧನ ಬೋಧನೆ ಎನ್ನಬಹುದು. ಪ್ರಶ್ನೆಯನ್ನು ಸ್ಪಷ್ಟವಾಗಿ ರೂಪಿಸುವುದು, ಅದಕ್ಕೆ ಒಂದು ಪ್ರಾಕ್ಕಲ್ಪನೆಯನ್ನು ಕೊಡುವುದು, ಆ ಕಲ್ಪನೆ ಸುಳ್ಳಾಗಿದ್ದರೆ ಸುಳ್ಳೆಂದು ತಿಳಿದುಬರುವಂತೆ ಪರೀಕ್ಷೆಯನ್ನು ಏರ್ಪಡಿಸುವುದು, ಎಣಿಕೆ, ಅಳತೆ, ಹೋಲಿಕೆ, ಕಂಡುದನ್ನು ಕಂಡಷ್ಟೇ ಬರೆಯುವುದು, ಇತರರು ಬರೆದುದನ್ನು ವಿಮರ್ಶೆಯ ಕಣ್ಣಿನಿಂದ ಓದುವುದು, ಇವೆಲ್ಲವೂ ಇದರ ಅಂಗಗಳು. ವೈದ್ಯರಾಗುವವರೆಲ್ಲರೂ ಸಂಶೋಧಕರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ರೋಗಿಯೊಬ್ಬನ ಮುಂದೆ ಕುಳಿತು ಇವನಿಗೆ ಬಂದಿರುವುದೇನು ಎಂದು ಆಲೋಚಿಸುವ ಪ್ರತಿಯೊಬ್ಬ ವೈದ್ಯನೂ ಊಹಿಸಿ, ಪರೀಕ್ಷಿಸಿ, ಊಹೆಯನ್ನು ಬಿಡುವ ಅಥವಾ ಉಳಿಸಿಕೊಳ್ಳುವ ಕೆಲಸವನ್ನು ದಿನಕ್ಕೆ ನಲವತ್ತು ಐವತ್ತು ಸಲ ಮಾಡುತ್ತಲೇ ಇರುತ್ತಾನಾದುದರಿಂದ, ಈ ಶಿಕ್ಷಣ ಕೆಲವರಿಗೆ ಮಾತ್ರ ಮೀಸಲಾದ ಅಲಂಕಾರವಾಗಲಾರದು.

ಈ ಬೋಧನೆಯ ಅಗತ್ಯವನ್ನು ಹಾಸನ ಜಿಲ್ಲೆ ಇತ್ತೀಚೆಗೆ ಬಹು ದುಃಖಕರವಾದ ಸನ್ನಿವೇಶದಲ್ಲಿ ಕಂಡುಕೊಂಡಿತು. 2025ರ ಮೇ ತಿಂಗಳ ಕೊನೆಯ ಭಾಗದಿಂದ ಜೂನ್ ಅಂತ್ಯದವರೆಗಿನ ಸುಮಾರು 40 ದಿನಗಳಲ್ಲಿ ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಹೋದರೆಂಬ ವಾರ್ತೆ ದಿನದಿನವೂ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಬರತೊಡಗಿ, ಸತ್ತವರಲ್ಲಿ ಹಲವರು ಇಪ್ಪತ್ತು, ಮೂವತ್ತು, ನಲವತ್ತರ ಪ್ರಾಯದವರೇ ಆಗಿದ್ದುದರಿಂದ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಮನೆಯಲ್ಲಿ ಭಯ ತುಂಬಿತು. ಮೈಸೂರು ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಜನ ಸಾಲುಗಟ್ಟಿದರು. ಕೆಲವರು ಕೊರೊನಾ ಲಸಿಕೆಯನ್ನು ದೂರಿದರು. ಕೆಲವರು ನೀರನ್ನು, ಕೆಲವರು ಊಟವನ್ನು, ಕೆಲವರು ಗಾಳಿಯನ್ನು ದೂರಿದರು. ರಾಜ್ಯ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಜುಲೈ ತಿಂಗಳಲ್ಲಿ ಅದರ ವರದಿ ಬಂದಿತು.

ಆ ಸಮಿತಿ ಕೈಕೊಂಡ ಕಾರ್ಯಕ್ರಮವನ್ನು ಅನುಸರಿಸಿ ನೋಡಿದರೆ ಸಂಶೋಧನ ವಿಧಾನದ ಮೊದಲ ಪಾಠಗಳೆಲ್ಲ ಅಲ್ಲಿಯೇ ದೊರೆಯುತ್ತವೆ. ಮೊದಲನೆಯದು, ಎಣಿಸುವುದಕ್ಕೆ ಮುನ್ನ ಏನನ್ನು ಎಣಿಸುತ್ತಿದ್ದೇವೆಂಬುದನ್ನು ನಿಶ್ಚಯಿಸಿಕೊಳ್ಳುವುದು. ಹಠಾತ್ತನೆ ಸತ್ತವರೆಲ್ಲ ಹೃದಯಾಘಾತದಿಂದ ಸತ್ತವರಲ್ಲ; ಹೃದಯ ನಿಂತಿತೆಂಬುದು ಎಲ್ಲ ಮರಣಕ್ಕೂ ಸಲ್ಲುವ ಮಾತು, ಹೃದಯಕ್ಕೆ ರಕ್ತವನ್ನೊಯ್ಯುವ ನಾಳ ಕಟ್ಟಿಕೊಂಡಿತೆಂಬುದು ಒಂದು ನಿರ್ದಿಷ್ಟವಾದ ರೋಗದ ಮಾತು. ದಾಖಲೆಗಳನ್ನು ತರಿಸಿ, ಮನೆಯವರನ್ನು ವಿಚಾರಿಸಿ ನೋಡಿದ ಮೇಲೆ ವರದಿಯಾಗಿದ್ದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವಲ್ಲವೆಂದೂ, ಉಳಿದ 20ರಲ್ಲಿಯೂ ಒಂದು ಭಾಗ ಶವಪರೀಕ್ಷೆ, ಇಸಿಜಿ ಮುಂತಾದ ಸಾಕ್ಷ್ಯಗಳಿಂದ ಖಚಿತವಾದುದೆಂದೂ, ಇನ್ನೊಂದು ಭಾಗ ಸಂಭಾವ್ಯವೆಂದು ಮಾತ್ರ ಹೇಳಬಹುದಾದುದೆಂದೂ ಸಮಿತಿ ವಿಂಗಡಿಸಿತು. ಖಚಿತ, ಸಂಭಾವ್ಯ ಎಂಬ ಈ ಎರಡು ಮಾತುಗಳ ನಡುವಣ ಅಂತರವನ್ನು ಕಾಯ್ದುಕೊಳ್ಳುವುದನ್ನು ಕಲಿತ ವಿದ್ಯಾರ್ಥಿ ಅರ್ಧ ವಿಜ್ಞಾನವನ್ನು ಕಲಿತಂತೆ ಎಂದು ಈ ಲೇಖಕನ ಅಭಿಪ್ರಾಯ.

ಎರಡನೆಯದು ಛೇದದ ಪಾಠ. ಭಿನ್ನರಾಶಿಯಲ್ಲಿ ಗೆರೆಯ ಮೇಲಿರುವ ಸಂಖ್ಯೆ ಕಣ್ಣಿಗೆ ಬೀಳುತ್ತದೆ. ಕೆಳಗಿರುವುದನ್ನು ಹುಡುಕಿ ತರಬೇಕಾಗುತ್ತದೆ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಸಾವಿರ ಜನಕ್ಕೆ ವರ್ಷಕ್ಕೆ ಆರರಿಂದ ಏಳು ಮರಣಗಳೆಂದು ಲೆಕ್ಕವಿಟ್ಟರೆ, ಯಾವ ಹೊಸ ಪಿಡುಗೂ ಇಲ್ಲದ ಸಾಮಾನ್ಯವಾದ ವರ್ಷದಲ್ಲಿಯೂ ಈ ಜಿಲ್ಲೆಯಲ್ಲಿ ಹತ್ತೂವರೆ ಸಾವಿರದಿಂದ ಹನ್ನೆರಡೂವರೆ ಸಾವಿರದವರೆಗೆ, ಎಂದರೆ ದಿನವೊಂದಕ್ಕೆ ಸುಮಾರು ಮೂವತ್ತು, 40 ದಿನಕ್ಕೆ ಸಾವಿರದ ಇನ್ನೂರರ ಆಸುಪಾಸಿನಷ್ಟು ಸಾವುಗಳು ಸಂಭವಿಸುತ್ತವೆ. ನಮ್ಮ ದೇಶದ ಮರಣಗಳಲ್ಲಿ ಹೆಚ್ಚುಕಡಮೆ ಕಾಲುಭಾಗ ಹೃದಯ ಮತ್ತು ರಕ್ತನಾಳಗಳ ರೋಗಗಳಿಂದ ಉಂಟಾಗುವುದೆಂಬುದನ್ನು ಸೇರಿಸಿಕೊಂಡರೆ, ಆ ನಲವತ್ತು ದಿನಗಳಲ್ಲಿ ಪತ್ರಿಕೆಗೆ ಬಂದ ಇಪ್ಪತ್ತುನಾಲ್ಕು ಹೆಸರುಗಳ ಹಿಂದೆ ಯಾವ ಪತ್ರಿಕೆಯಲ್ಲಿಯೂ ಬಾರದ ನೂರಾರು ಮರಣಗಳು ಪ್ರತಿ ವರ್ಷದಂತೆಯೇ ನಡೆದುಹೋಗಿದ್ದುವೆಂಬುದು ತಿಳಿಯುತ್ತದೆ. ಇಷ್ಟಕ್ಕೇ ನಿಂತುಬಿಡುವ ವಿದ್ಯಾರ್ಥಿಯೂ ತಪ್ಪುತ್ತಾನೆ; ಏಕೆಂದರೆ ಜನರ ಭಯ ಎಪ್ಪತ್ತರ ಮುದುಕರ ಸಾವನ್ನು ಕುರಿತದ್ದಾಗಿರಲಿಲ್ಲ, ಮೂವತ್ತರ ಮಕ್ಕಳ ಸಾವನ್ನು ಕುರಿತದ್ದಾಗಿತ್ತು. ಆದುದರಿಂದ ಆ ಪ್ರಾಯದವರದೇ ಛೇದವನ್ನು ಬೇರೆಯಾಗಿ ತೆಗೆದು, ಆ ಪ್ರಾಯದವರದೇ ಹಿಂದಿನ ವರ್ಷಗಳ ಮರಣಗಳನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಆಸ್ಪತ್ರೆಗಳ ಹಿಂದಿನ ತಿಂಗಳುಗಳ ಲೆಕ್ಕದೊಡನೆ ಹೋಲಿಸಿದಾಗ ಅಸಾಮಾನ್ಯವಾದ ಏರಿಕೆ ಕಂಡುಬರಲಿಲ್ಲವೆಂದು ಸಮಿತಿ ಹೇಳಿತು. ಸತ್ತವರ ತಾಯಿತಂದೆಗಳ ದುಃಖವನ್ನು ಈ ಅಂಕಿ ಎಳ್ಳಷ್ಟೂ ಕಡಮೆ ಮಾಡುವುದಿಲ್ಲ. ಆದರೆ ಭಯಗ್ರಸ್ತರಾದ ಉಳಿದ ಲಕ್ಷಾಂತರ ಜನರಿಗೆ ಏನು ಹೇಳಬೇಕೆಂಬುದು ಈ ಅಂಕಿಯಿಂದಲ್ಲದೆ ಬೇರಾವುದರಿಂದಲೂ ನಿಶ್ಚಯವಾಗಲಾರದು.

ಮೂರನೆಯದು ಇನ್ನೂ ಸೂಕ್ಷ್ಮವಾದದ್ದು. ಮೃತರಲ್ಲಿ ಆಟೋ ಮತ್ತು ಕ್ಯಾಬ್ ಚಾಲಕರು ಗಮನಕ್ಕೆ ಬರುವಷ್ಟು ಮಂದಿ ಇದ್ದರು. ಹೊತ್ತುಗೊತ್ತಿಲ್ಲದ ಊಟ, ನಿದ್ದೆಗೇಡು, ಬೀಡಿ ಸಿಗರೇಟು, ಹೊಗೆ ತುಂಬಿದ ಗಾಳಿ, ದಿನವಿಡೀ ಕುಳಿತೇ ಇರುವ ಕೆಲಸ, ಇವುಗಳನ್ನು ನೆನೆದಾಗ ಚಾಲಕವೃತ್ತಿಯೇ ಕಾರಣವೆಂದು ತೀರ್ಮಾನಿಸುವುದಕ್ಕೆ ಮನಸ್ಸು ಹಾತೊರೆಯುತ್ತದೆ. ಆಗ ಅಧ್ಯಾಪಕನಾದವನು ತಡೆದು ಕೇಳಬೇಕಾದ ಪ್ರಶ್ನೆ ಒಂದೇ: ಅದೇ ಊರಿನಲ್ಲಿ ಅದೇ ಪ್ರಾಯದ, ಬದುಕಿರುವ ಗಂಡಸರಲ್ಲಿ ಚಾಲಕರೆಷ್ಟು ಮಂದಿ? ಆ ಪ್ರಮಾಣ ತಿಳಿಯದೆ ಮೃತರೊಳಗಿನ ಪ್ರಮಾಣಕ್ಕೆ ಅರ್ಥವಿಲ್ಲ. ರೋಗಿಗಳನ್ನೂ, ಅವರಿಗೆ ಸಮಾನರಾದ ನಿರೋಗಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ಹಿಂದಿನ ಬದುಕನ್ನು ವಿಚಾರಿಸುವ ಕ್ರಮ ಸೋಂಕುಶಾಸ್ತ್ರದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಪುಸ್ತಕದಲ್ಲಿ ಎರಡು ಪುಟದ ವ್ಯಾಖ್ಯಾನವಾಗಿ ಓದಿ ಮರೆತುಬಿಡುವ ಈ ಕ್ರಮ, ಹಾಸನದ ಬಸ್ ನಿಲ್ದಾಣದ ಆಟೋ ಸಾಲಿನ ಮುಂದೆ ನಿಂತಾಗ ವಿದ್ಯಾರ್ಥಿಯ ಮನಸ್ಸಿನಲ್ಲಿ ಜೀವ ತಳೆಯುತ್ತದೆ.

ವಿಧಾನದ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1747ರಲ್ಲಿ ಸ್ಯಾಲಿಸ್‌ಬರಿ ಎಂಬ ಹಡಗಿನ ಮೇಲೆ ಸ್ಕರ್ವಿ ರೋಗದಿಂದ ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಗುಂಪುಗಳಾಗಿ ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಉಪಚಾರವನ್ನು ಕೊಟ್ಟು, ಕಿತ್ತಳೆ ನಿಂಬೆಗಳನ್ನು ತಿಂದವರು ಬೇಗನೆ ಚೇತರಿಸಿಕೊಂಡುದನ್ನು ಜೇಮ್ಸ್ ಲಿಂಡ್ ಕಂಡನು. 1865ರಲ್ಲಿ ಪ್ರಕಟವಾದ ಕ್ಲಾಡ್ ಬರ್ನಾರನ ಗ್ರಂಥ ಪ್ರಯೋಗಾತ್ಮಕ ವೈದ್ಯಶಾಸ್ತ್ರಕ್ಕೆ ತಾತ್ತ್ವಿಕವಾದ ತಳಹದಿಯನ್ನು ಹಾಕಿತು. ಅಮೆರಿಕದ ವೈದ್ಯಶಾಲೆಗಳನ್ನು ಸಂದರ್ಶಿಸಿ 1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಬರೆದ ವರದಿ, ಪ್ರಯೋಗಶಾಲೆಯೂ ಆಸ್ಪತ್ರೆಯೂ ವಿಶ್ವವಿದ್ಯಾನಿಲಯವೂ ಒಂದಾಗಿ ಕಲಿಸದಿದ್ದರೆ ವೈದ್ಯನನ್ನು ತಯಾರಿಸಲಾಗದೆಂದು ಸಾರಿತು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ ಯಾದೃಚ್ಛಿಕವಾಗಿ ಹಂಚುವ ಪರೀಕ್ಷೆಗೆ 1948ರಲ್ಲಿ ಪ್ರಕಟವಾದ, ಕ್ಷಯರೋಗದಲ್ಲಿ ಸ್ಟ್ರೆಪ್ಟೊಮೈಸಿನ್ ಔಷಧದ ಬ್ರಿಟಿಷ್ ಅಧ್ಯಯನ ಮಾದರಿಯಾಯಿತು. ನಮ್ಮ ಪ್ರಾಚೀನರೂ ಈ ವಿಚಾರದಲ್ಲಿ ಉದಾಸೀನರಾಗಿರಲಿಲ್ಲ. ಚರಕಸಂಹಿತೆ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ಬಗೆಯ ಪರೀಕ್ಷೆಯನ್ನು ಹೇಳುತ್ತದೆ. ವೈದ್ಯರು ಪರಸ್ಪರ ನಡೆಸಬೇಕಾದ ಸಂಭಾಷೆಯ ನಿಯಮಗಳನ್ನು ವಿಮಾನಸ್ಥಾನದಲ್ಲಿ ವಿಸ್ತಾರವಾಗಿ ಕೊಡುತ್ತದೆ. ಹಾಸನದಲ್ಲಿಯೇ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಇರುವುದರಿಂದ ಪ್ರಮಾಣಶಾಸ್ತ್ರದ ಈ ಪರಿಭಾಷೆ ಇಲ್ಲಿನ ಕಿವಿಗಳಿಗೆ ಹೊಸದಲ್ಲ. ಆಪ್ತೋಪದೇಶವೊಂದನ್ನೇ ಹಿಡಿದು ಉಳಿದ ಮೂರನ್ನು ಮರೆಯುವ ದೋಷ ಎರಡು ಪದ್ಧತಿಗಳ ವಿದ್ಯಾರ್ಥಿಗಳಲ್ಲಿಯೂ ಸಮಾನವಾಗಿ ಕಾಣಬರುತ್ತದೆ.

ಕನ್ನಡನಾಡಿನಲ್ಲಿ ಆಧುನಿಕ ವೈದ್ಯಶಿಕ್ಷಣದ ಮೊದಲ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರ ಹೊಂದಿತು. ಮಣಿಪಾಲದ ಕಾಲೇಜು 1953ರಲ್ಲಿಯೂ, ಬೆಂಗಳೂರಿನದು 1955ರಲ್ಲಿಯೂ, ಹುಬ್ಬಳ್ಳಿಯದು 1957ರಲ್ಲಿಯೂ ಹುಟ್ಟಿದುವು. ಆ ಕಾಲದ ಪಾಠಕ್ರಮದಲ್ಲಿ ಸಂಶೋಧನೆ ಎಂಬ ಪ್ರತ್ಯೇಕ ವಿಷಯವಿರಲಿಲ್ಲವಾದರೂ, ನಾಡಿನ ಹಳ್ಳಿಗಳೇ ದೊಡ್ಡ ಸಂಶೋಧನೆಗಳ ಕ್ಷೇತ್ರಗಳಾದ ಸಂಗತಿ ನೆನೆಯತಕ್ಕುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಮಂಗಗಳು ಸಾಯತೊಡಗಿ, ಅದೇ ವೇಳೆಗೆ ಸೊಪ್ಪುಸದೆಗೆಂದು ಕಾಡಿಗೆ ಹೋದ ಜನರಿಗೂ ತೀವ್ರವಾದ ಜ್ವರ ಬಂದಾಗ, ಮಂಗ ಸತ್ತ ಕಡೆ ಮನುಷ್ಯನಿಗೆ ಜ್ವರ ಎಂಬ ಸಂಬಂಧವನ್ನು ಮೊದಲು ಕಂಡವರು ಅಲ್ಲಿನ ಹಳ್ಳಿಗರೇ. ಮಂಗನ ಕಾಯಿಲೆ ಎಂಬ ಹೆಸರು ಆ ಅವಲೋಕನದ ಫಲ. ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಸಂಗಡಿಗರು ಮಂಗಗಳಿಂದಲೂ, ರೋಗಿಗಳಿಂದಲೂ, ಉಣ್ಣೆಗಳಿಂದಲೂ ವೈರಸ್ಸನ್ನು ಬೇರ್ಪಡಿಸಿ ಆ ಅವಲೋಕನಕ್ಕೆ ಪ್ರಮಾಣವನ್ನೊದಗಿಸಿದರು. ಈ ರೋಗಕ್ಕೆ ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ತಿಳಿದುಬಂದು 2022ರ ಹೊತ್ತಿಗೆ ನಿಂತುಹೋಯಿತೆಂಬುದನ್ನೂ ವಿದ್ಯಾರ್ಥಿಗಳಿಗೆ ಮುಚ್ಚಿಡದೆ ಹೇಳಬೇಕು. ತಾನು ಹಿಂದೆ ಒಪ್ಪಿದ್ದುದನ್ನು ಸಾಕ್ಷ್ಯ ಬಂದಾಗ ಕೈಬಿಡುವುದೂ ವಿಧಾನದ ಭಾಗವೇ ಆಗಿದೆ.

ಇನ್ನೂ ಹತ್ತಿರದ, ಆದರೆ ಇದಕ್ಕಿಂತ ಕಡಮೆ ಪ್ರಸಿದ್ಧವಾದ ನಿದರ್ಶನ ತುಮಕೂರು ಜಿಲ್ಲೆಯದು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮುಂದಿನ ಎರಡು ವರ್ಷಗಳಲ್ಲಿ ಆ ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯದ ಸಮೀಕ್ಷೆಯನ್ನು ನಡೆಸಿತು. ಹಳ್ಳಿಯ ಜನ ಅಜ್ಞರು, ಕೆಮ್ಮನ್ನು ಲಕ್ಷಿಸುವುದಿಲ್ಲ, ಆದುದರಿಂದ ಊರೂರಿಗೆ ಕ್ಷಕಿರಣದ ವಾಹನಗಳನ್ನು ಕಳುಹಿಸಿ ರೋಗಿಗಳನ್ನು ಹುಡುಕಬೇಕು ಎಂಬುದು ಆಗ ಬಹುಮಂದಿ ತಜ್ಞರ ನಂಬಿಕೆಯಾಗಿತ್ತು. ಇದನ್ನು ನಂಬಿಬಿಡದೆ, ರೋಗವಿರುವವರ ಮನೆಗೇ ಹೋಗಿ ನಿಮಗೇನಾಗಿದೆ, ನೀವೇನು ಮಾಡಿದಿರಿ ಎಂದು ವಿಚಾರಿಸುವ ಕೆಲಸವನ್ನು ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮಾಡಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ, ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳ ಅರಿವಿದ್ದಿತೆಂದೂ, ಸುಮಾರು ಅರ್ಧದಷ್ಟು ಮಂದಿ ಆಗಲೇ ದವಾಖಾನೆಯ ಬಾಗಿಲಿಗೆ ಹೋಗಿದ್ದರೆಂದೂ ತಿಳಿದುಬಂದಿತು. ಹಾಗೆ ಹೋದವರಿಗೆ ಕಫ ಪರೀಕ್ಷೆಯಿರಲಿಲ್ಲ, ಕೆಮ್ಮಿನ ಔಷಧದ ಸೀಸೆಯಿತ್ತು. ಅಜ್ಞಾನವಿದ್ದುದು ಹಳ್ಳಿಯಲ್ಲಲ್ಲ, ವ್ಯವಸ್ಥೆಯಲ್ಲಿ. ಸಾಮಾನ್ಯ ದವಾಖಾನೆಗಳಲ್ಲಿಯೇ ಕಫವನ್ನು ಪರೀಕ್ಷಿಸುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇಂತಹ ಸರಳವಾದ ವಿಚಾರಣೆಗಳು ಆಧಾರವಾದುವು. ನೆರೆಯ ಜಿಲ್ಲೆಯ ಆ ಹಳ್ಳಿಗಳ ಹೆಸರು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯನ್ನು ಮುಟ್ಟಿತೆಂಬುದನ್ನು ಕೇಳಿ ಕಣ್ಣರಳಿಸದ ವಿದ್ಯಾರ್ಥಿ ಇರಲಾರನು. ಬಹು ದೊಡ್ಡ ಯಂತ್ರಗಳಿಲ್ಲದೆ, ಸರಿಯಾದ ಪ್ರಶ್ನೆಯೊಂದರಿಂದ ಎಷ್ಟು ಸಾಧ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ಈ ಲೇಖಕ ಕಂಡಿಲ್ಲ.

ಈಗಿನ ಪಾಠಕ್ರಮದ ಸ್ಥಿತಿ ಹೀಗಿದೆ. 1934ರಿಂದ ವೈದ್ಯಶಿಕ್ಷಣವನ್ನು ನಿಯಂತ್ರಿಸುತ್ತಿದ್ದ ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನಕ್ಕೆ 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. ಅದಕ್ಕೆ ಮುನ್ನವೇ, 2019ರಲ್ಲಿ, ಸಾಮರ್ಥ್ಯಾಧಾರಿತವಾದ ಹೊಸ ಪಾಠಕ್ರಮ ಜಾರಿಗೆ ಬಂದಿದ್ದಿತು. ಭಾರತೀಯ ವೈದ್ಯಪದವೀಧರನು ಚಿಕಿತ್ಸಕ, ತಂಡದ ನಾಯಕ ಮತ್ತು ಸದಸ್ಯ, ಸಂವಹನಕಾರ, ಆಜೀವ ವಿದ್ಯಾರ್ಥಿ, ವೃತ್ತಿಧರ್ಮನಿಷ್ಠ ಎಂಬ ಐದು ಪಾತ್ರಗಳನ್ನು ನಿರ್ವಹಿಸಬೇಕೆಂದು 2019ರ ಆ ಪಾಠಕ್ರಮ ಹೇಳಿತು. ಸಂಶೋಧಕ ಎಂಬ ಆರನೆಯ ಹೆಸರು ಆಗ ಅಲ್ಲಿರಲಿಲ್ಲ. ಆಜೀವ ವಿದ್ಯಾರ್ಥಿ ಎಂಬ ಪಾತ್ರದ ಮಡಿಲಲ್ಲಿ ಅದನ್ನು ಅಡಗಿಸಿಟ್ಟಿದ್ದರು. ಸಮುದಾಯ ವೈದ್ಯಶಾಸ್ತ್ರದ ಪಾಠಗಳಲ್ಲಿ ಸೋಂಕುಶಾಸ್ತ್ರವೂ ಸಂಖ್ಯಾಶಾಸ್ತ್ರವೂ ಬರುತ್ತವೆ. ಐಚ್ಛಿಕ ಅವಧಿಯ ಕೆಲವು ವಾರಗಳನ್ನು ಪ್ರಯೋಗಶಾಲೆಯಲ್ಲಿ ಅಥವಾ ಸಂಶೋಧನೆಯಲ್ಲಿ ಕಳೆಯಲು ಅವಕಾಶವಿದೆ. 2022ರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಳ ಕಾಲ ಅವರ ಆರೋಗ್ಯವನ್ನು ಗಮನಿಸುವ ಏರ್ಪಾಡಾಗಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮಹಾಪ್ರಬಂಧ ಕಡ್ಡಾಯ. ಚೆನ್ನೈನ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆ ನಡೆಸುವ ಸಂಶೋಧನ ವಿಧಾನದ ಆನ್‌ಲೈನ್ ಶಿಕ್ಷಣವೂ ಕಡ್ಡಾಯ.

ಕಡ್ಡಾಯವಲ್ಲದಿದ್ದರೂ ಹೆಚ್ಚು ಫಲವನ್ನು ಕೊಟ್ಟಿರುವುದು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು 1979ರಲ್ಲಿ ಪ್ರಾರಂಭಿಸಿದ ಅಲ್ಪಾವಧಿಯ ವಿದ್ಯಾರ್ಥಿವೇತನ. ಎಂ.ಬಿ.ಬಿ.ಎಸ್. ವಿದ್ಯಾರ್ಥಿ ತನ್ನ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಪ್ರಶ್ನೆಯೊಂದನ್ನು ಆರಿಸಿ ಯೋಜನೆಯನ್ನು ಕಳುಹಿಸುತ್ತಾನೆ. ಅದು ಒಪ್ಪಿಗೆಯಾದರೆ ಎರಡು ತಿಂಗಳಲ್ಲಿ ಕೆಲಸವನ್ನು ಮುಗಿಸಿ ವರದಿಯನ್ನೊಪ್ಪಿಸುತ್ತಾನೆ. ಹಾಸನದಲ್ಲಿ 2006ರಲ್ಲಿ ಸ್ಥಾಪಿತವಾಗಿ, ಶ್ರೀ ಚಾಮರಾಜೇಂದ್ರ ಆಸ್ಪತ್ರೆಯನ್ನು ತನ್ನ ಬೋಧನಾಸ್ಪತ್ರೆಯಾಗಿ ಪಡೆದಿರುವ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ, ಜನರ ಬಾಯಲ್ಲಿ ಹಿಮ್ಸ್ ಎನಿಸಿಕೊಳ್ಳುವ, ಜಿಲ್ಲಾಕೇಂದ್ರದ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಇದರ ಪ್ರಯೋಜನ ವಿಶೇಷವಾದುದು; ಮಹಾನಗರದಲ್ಲಿ ದೊರೆಯದ ಒಂದು ಸಂಪತ್ತು, ಎಂದರೆ ಪ್ರಶ್ನೆಗಳು ತುಂಬಿರುವ ಗ್ರಾಮಾಂತರ ಪ್ರದೇಶ, ಅವನ ಹಾಸ್ಟೆಲಿನ ಬಾಗಿಲಿನಿಂದಲೇ ಪ್ರಾರಂಭವಾಗುತ್ತದೆ.

ಉದಾಹರಣೆಗೆ ಅರಕಲಗೂಡು ತಾಲ್ಲೂಕನ್ನೇ ತೆಗೆದುಕೊಳ್ಳಬಹುದು. ಇಲ್ಲಿ ಹೊಗೆಸೊಪ್ಪಿನ ಬೆಳೆ ಬಹಳ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯಿದೆ. ಮುಂಗಾರಿನಲ್ಲಿ ನಾಟಿಯಾದ ಗಿಡದ ಸೊಪ್ಪನ್ನು ಮಳೆಗಾಲ ಮುಗಿಯುವುದಕ್ಕೆ ಮುನ್ನವೇ ಮುರಿಯಲು ತೊಡಗಿ, ಕಡ್ಡಿಗೆ ಪೋಣಿಸಿ, ಬ್ಯಾರನ್ನಿನಲ್ಲಿ ನೇತುಹಾಕಿ, ಹಗಲಿರುಳು ಬೆಂಕಿ ಕಾಯ್ದು ಹದ ಮಾಡುತ್ತಾರೆ. ಒದ್ದೆಯಾದ ಹಸಿ ಸೊಪ್ಪನ್ನು ಕಂಕುಳಲ್ಲಿ ಅವುಚಿ ಹೊತ್ತವರ ಚರ್ಮದ ಮೂಲಕ ನಿಕೋಟಿನ್ ಒಳಹೊಕ್ಕು ತಲೆಸುತ್ತು, ವಾಕರಿಕೆ, ವಾಂತಿ, ನಿಶ್ಶಕ್ತಿ ಉಂಟಾಗುವ ಹಸಿರು ತಂಬಾಕಿನ ಕಾಯಿಲೆ 1970ರಲ್ಲಿ ಅಮೆರಿಕದಿಂದ ಮೊದಲು ವರದಿಯಾಯಿತು. ಗುಜರಾತಿನ ಕೂಲಿಗಾರರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇದನ್ನು ಅಭ್ಯಾಸ ಮಾಡಿದ್ದಾರೆ. ಅರಕಲಗೂಡಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಸೊಪ್ಪು ಮುರಿಯುವ ಹೆಂಗಸರಲ್ಲಿ ಇದು ಎಷ್ಟು ಜನಕ್ಕೆ ಬರುತ್ತದೆ ಎಂದು ತಿಳಿಯಹೊರಟಳೆಂದಿಟ್ಟುಕೊಳ್ಳೋಣ. ಎಷ್ಟು ಜನರನ್ನು ನೋಡಬೇಕು? ನಾಲ್ಕು ಪಿ ಕ್ಯೂ ಭಾಗಿಸು ಡಿ ವರ್ಗ ಎಂದು ಎಲ್ಲ ವಿದ್ಯಾರ್ಥಿಗಳೂ ಬಾಯಿಪಾಠ ಮಾಡುವ ಸೂತ್ರ ಇಲ್ಲಿ ಕೈಗೆ ಬರುತ್ತದೆ. ಪ್ರಮಾಣವೇನೂ ತಿಳಿಯದಿದ್ದಾಗ ಪಿ 50, ಕ್ಯೂ 50 ಎಂದು ಹಿಡಿದು, ಉತ್ತರ 5 ಅಂಶದಷ್ಟು ಮಾತ್ರ ಆಚೆಈಚೆಯಾಗಬಹುದೆಂದು ಬಯಸಿದರೆ 400 ಮಂದಿ ಬೇಕು. 10 ಅಂಶ ಆಚೆಈಚೆಯಾದರೂ ಚಿಂತೆಯಿಲ್ಲವೆಂದರೆ 100 ಮಂದಿ ಸಾಕು. ಎರಡು ತಿಂಗಳು, ಒಂದು ಜೊತೆ ಕಾಲು, ಹಳ್ಳಿಗೆ ದಿನಕ್ಕೆರಡು ಬಸ್ಸು ಇರುವವಳು ನಿಖರತೆಗೂ ಸಾಮರ್ಥ್ಯಕ್ಕೂ ನಡುವೆ ತನ್ನ ಆಯ್ಕೆಯನ್ನು ಮಾಡಿಕೊಂಡು, ಆ ಆಯ್ಕೆಯನ್ನು ವರದಿಯಲ್ಲಿ ಮರೆಮಾಚದೆ ಬರೆಯಬೇಕು. ಸೂತ್ರದ ಅರ್ಥ ಅವಳಿಗೆ ತಿಳಿಯುವುದು ಆ ಗಳಿಗೆಯಲ್ಲಿ.

ಅಲ್ಲಿಂದ ಮುಂದೆ ಭಾಷೆಯ ತೊಡಕು ಬರುತ್ತದೆ. ನಮ್ಮ ವೈದ್ಯಶಿಕ್ಷಣ ಈ ತೊಡಕಿಗೆ ಕೊಡಬೇಕಾದ ಗಮನವನ್ನು ಕೊಟ್ಟಿಲ್ಲವೆಂಬುದು ಈ ಲೇಖಕನ ದೃಢವಾದ ಭಾವನೆ. ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ಬರೆದು, ಗ್ರಂಥದ ಕನ್ನಡಕ್ಕೆ ತಿರುಗಿಸಿ, ಇನ್ನೊಬ್ಬರಿಂದ ಅದನ್ನು ಪುನಃ ಇಂಗ್ಲಿಷಿಗೆ ತಂದು ಸರಿನೋಡುವ ಕ್ರಮ ವಿಧಿಯುಕ್ತವಾದದ್ದೇ. ಆದರೆ ವಾಕರಿಕೆ ಎಂಬ ಮಾತನ್ನು ಹಳ್ಳಿಯಲ್ಲಿ ಸಂಕಟವೆನ್ನುತ್ತಾರೆ, ಎದೆನೋವನ್ನು ಗ್ಯಾಸ್ ಎನ್ನುತ್ತಾರೆ, ಆಯಾಸ ನಿಶ್ಶಕ್ತಿ ಎರಡಕ್ಕೂ ಸುಸ್ತು ಎನ್ನುತ್ತಾರೆ. ದತ್ತು ಕುಟುಂಬದ ಮನೆಯ ಜಗುಲಿಯ ಮೇಲೆ ಕುಳಿತು, ನಿಮಗೆ ಬಿ.ಪಿ. ಇದೆಯೇ ಅಜ್ಜಿ ಎಂದು ಹುಡುಗ ಕೇಳುತ್ತಾನೆ. “ಇಲ್ಲ ಕಣಪ್ಪ” ಎಂಬ ಉತ್ತರವನ್ನು ಪಡೆದು ಇಲ್ಲ ಎಂಬ ಚೌಕದಲ್ಲಿ ಗುರುತು ಹಾಕುತ್ತಾನೆ. ಎದ್ದು ಹೊರಡುವಾಗ ಕಿಟಕಿಯ ಅಂಚಿನಲ್ಲಿ ಅರ್ಧ ಖಾಲಿಯಾದ ಮಾತ್ರೆಯ ಹಾಳೆಯೊಂದು ಕಣ್ಣಿಗೆ ಬೀಳುತ್ತದೆ. ತಿರುಗಿಸಿ ಓದಿದರೆ ಆಮ್ಲೋಡಿಪಿನ್. ಇದೇನಜ್ಜಿ ಎಂದರೆ, “ಅದು ಬಿ.ಪಿ. ಮಾತ್ರೆ ಕಣಪ್ಪ, ದಿನಾ ನುಂಗ್ತೀನಲ್ಲ, ಇನ್ನೆಲ್ಲಿರ್ತದೆ ಬಿ.ಪಿ.?” ಎನ್ನುತ್ತಾಳೆ. ಅಜ್ಜಿಯ ತರ್ಕದಲ್ಲಿ ದೋಷವಿಲ್ಲ, ಪ್ರಶ್ನೆಯಲ್ಲಿದೆ. ನಿಮಗೆ ಬಿ.ಪಿ. ಇದೆಯೆಂದು ಯಾವಾಗಲಾದರೂ ಡಾಕ್ಟರು ಹೇಳಿದ್ದರೇ, ದಿನವೂ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ, ಅದನ್ನು ತೋರಿಸುತ್ತೀರಾ ಎಂದು ಮೂರಾಗಿ ಒಡೆದು ಕೇಳುವುದನ್ನು ಆ ಹುಡುಗ ಅಂದು ಕಲಿತರೆ, ಅಳತೆಯ ದೋಷವೆಂಬ ಅಧ್ಯಾಯವನ್ನು ಅವನಿಗೆ ಮತ್ತೆ ಬೋಧಿಸಬೇಕಾಗುವುದಿಲ್ಲ. ಹೊರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೆ ವ್ಯಾಸಂಗದ ಪ್ರಾರಂಭದಲ್ಲಿಯೇ ಸ್ಥಳೀಯ ಭಾಷೆಯನ್ನು ಕಲಿಸಬೇಕೆಂಬ ನಿಯಮ ಹೊಸ ಪಾಠಕ್ರಮದಲ್ಲಿದೆ. ಅದನ್ನು ಸಂಶೋಧನ ಶಿಕ್ಷಣದ ಮೊದಲ ಪಾಠವೆಂದು ಭಾವಿಸಿ ನಡೆಸಿದಲ್ಲಿ ಲಾಭ ಇಮ್ಮಡಿಯಾಗುತ್ತದೆ.

ಒಪ್ಪಿಗೆಯ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಮನುಷ್ಯರ ಮೇಲಿನ ಯಾವ ಅಧ್ಯಯನವೂ ಸಂಸ್ಥೆಯ ನೀತಿಸಮಿತಿಯ ಅನುಮತಿಯಿಲ್ಲದೆ ನಡೆಯಕೂಡದು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು 1980ರಲ್ಲಿ ಮೊದಲು ಹೊರಡಿಸಿದ ನೀತಿಸೂತ್ರಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಿ 2017ರಲ್ಲಿ ವಿಸ್ತಾರವಾಗಿ ಪ್ರಕಟಿಸಿದೆ. ಚಿಕಿತ್ಸಾಪರೀಕ್ಷೆಗಳನ್ನು 2009ರಿಂದ ರಾಷ್ಟ್ರೀಯ ದಾಖಲೆಯಲ್ಲಿ ಮುಂಚಿತವಾಗಿ ನೋಂದಾಯಿಸುವುದು ಕಡ್ಡಾಯವಾಗಿದೆ. ಇವೆಲ್ಲ ಕಾಗದದ ಮೇಲೆ ಸರಿ. ಹೊಲದ ಬದುವಿನ ಮೇಲೆ, ಕೂಲಿಯ ಹೊತ್ತು ಮೀರುತ್ತಿರುವ ಹೆಂಗಸೊಬ್ಬಳ ಎದುರಿಗೆ ಸ್ಟಾಂಪ್ ಪ್ಯಾಡು ಹಿಡಿದು ಹೆಬ್ಬೆಟ್ಟೊತ್ತೆಂದರೆ ಅವಳಿಗೆ ನೆನಪಾಗುವುದು ಸಾಲದ ಪತ್ರ. ಇದು ಸಾಲವಲ್ಲ, ಸರ್ಕಾರದ ಸೌಲಭ್ಯವೂ ಅಲ್ಲ, ನೀವು ಬೇಡವೆಂದರೆ ನಿಮಗೆ ಯಾವ ತೊಂದರೆಯೂ ಇಲ್ಲ, ಹೇಳಿದರೆ ನಿಮ್ಮ ಹೆಸರು ಹೊರಬೀಳುವುದಿಲ್ಲ ಎಂಬ ನಾಲ್ಕು ಮಾತುಗಳನ್ನು ಅವಳ ಆಡುಮಾತಿನಲ್ಲಿ, ಅವಸರವಿಲ್ಲದೆ, ಜಮೀನಿನ ಯಜಮಾನ ಹತ್ತಿರದಲ್ಲಿ ನಿಂತಿರದ ಹೊತ್ತಿನಲ್ಲಿ ಹೇಳಬಲ್ಲವಳೇ ನೀತಿಸೂತ್ರವನ್ನು ಅರ್ಥಮಾಡಿಕೊಂಡವಳು.

ಇನ್ನು ಈ ಶಿಕ್ಷಣದ ದೌರ್ಬಲ್ಯಗಳು. ಸಂಖ್ಯಾಶಾಸ್ತ್ರವನ್ನು ಪರೀಕ್ಷೆಗೆ ಮುನ್ನಿನ ರಾತ್ರಿಯ ಸೂತ್ರಗಳಾಗಿ ಕಲಿಸುವುದು ಒಂದು. ಕಂಪ್ಯೂಟರು ಹೊರಹಾಕುವ ಪಿ ಬೆಲೆ 0.05ಕ್ಕಿಂತ ಕಡಮೆಯಾದರೆ ಹರ್ಷ, ಹೆಚ್ಚಾದರೆ ವಿಷಾದ ಎಂಬ ಮನೋಭಾವ ಅದರ ಫಲ. ಅಧ್ಯಾಪಕರ ಬಡ್ತಿಗೆ ಇಂತಿಷ್ಟು ಲೇಖನಗಳ ಪ್ರಕಟಣೆ ಅವಶ್ಯವೆಂಬ ನಿಯಮ ಬಂದ ಮೇಲೆ, ಹಣ ಪಡೆದು ವಿಮರ್ಶೆಯಿಲ್ಲದೆ ಅಚ್ಚುಹಾಕುವ ನಿಯತಕಾಲಿಕಗಳು ದೇಶದಾದ್ಯಂತ ನಾಯಿಕೊಡೆಗಳಂತೆ ಎದ್ದುದೂ, ಒಂದೇ ಮಹಾಪ್ರಬಂಧದ ವಿಷಯ ಊರು ಬದಲಾಯಿಸಿಕೊಂಡು ವರ್ಷವರ್ಷವೂ ಪುನರಾವೃತ್ತಿಯಾಗುವುದೂ ವ್ಯಸನಕರ. ಇದಕ್ಕಿಂತ ಆಳವಾದ ದೋಷ ಬೇರೊಂದುಂಟು. ಪ್ರವೇಶಪರೀಕ್ಷೆಯಿಂದ ಹಿಡಿದು ಸ್ನಾತಕೋತ್ತರ ಪ್ರವೇಶದವರೆಗೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಅಭ್ಯಾಸವನ್ನೇ ಪೋಷಿಸುವ ಪದ್ಧತಿಯಲ್ಲಿ ಬೆಳೆದವನಿಗೆ, ಉತ್ತರವಿನ್ನೂ ಯಾರಿಗೂ ತಿಳಿಯದ ಪ್ರಶ್ನೆಯೊಂದರ ಮುಂದೆ ತಾಳ್ಮೆಯಿಂದ ಕುಳಿತುಕೊಳ್ಳುವ ಧೈರ್ಯ ತಾನಾಗಿ ಹುಟ್ಟುವುದಿಲ್ಲ. ಅದನ್ನು ಹುಟ್ಟಿಸಬಲ್ಲವನು, ನನಗೆ ಗೊತ್ತಿಲ್ಲ, ನೋಡೋಣ ಬಾ ಎಂದು ವಾರ್ಡಿನ ಮಂಚದ ಪಕ್ಕದಲ್ಲಿ ವಿದ್ಯಾರ್ಥಿಗಳ ಎದುರಿಗೇ ಹೇಳಬಲ್ಲ ಅಧ್ಯಾಪಕ. ಅಂತಹವರು ಪ್ರತಿ ಕಾಲೇಜಿನಲ್ಲಿಯೂ ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ; ಹೊರರೋಗಿಗಳ ಸಾಲು ಮುಗಿದ ಮೇಲೆ, ಊಟದ ಹೊತ್ತನ್ನು ತಗ್ಗಿಸಿ, ವಿದ್ಯಾರ್ಥಿಯೊಬ್ಬನ ಕೋಷ್ಟಕವನ್ನು ಸಾಲುಸಾಲಾಗಿ ಓದಿ ತಿದ್ದುವ ಅವರ ಶ್ರಮಕ್ಕೆ ಬಡ್ತಿಯ ಪಟ್ಟಿಯಲ್ಲಿ ಅಂಕಣವಿಲ್ಲ.

ಹಾಸನದ ಘಟನೆಯ ಬಳಿಕ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಮರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದೂ, ಎಳೆಯ ಪ್ರಾಯದವರ ಹಠಾತ್ ಮರಣಗಳಲ್ಲಿ ಶವಪರೀಕ್ಷೆ ನಡೆಸಬೇಕೆಂದೂ ರಾಜ್ಯ ಸರ್ಕಾರ 2025ರ ಜುಲೈಯಲ್ಲಿ ಪ್ರಕಟಿಸಿತು. ಸಮಿತಿ ಸಂಭಾವ್ಯವೆಂದು ಬಿಡಬೇಕಾಗಿ ಬಂದ ಮರಣಗಳಂತಹವು ಮುಂದೆ ಖಚಿತದ ಕಡೆಗೆ ಸರಿಯಬೇಕಾದರೆ ಈ ದಾಖಲೆಯೇ ದಾರಿ. ಅದನ್ನು ಭರ್ತಿ ಮಾಡುವವರು ತಾಲ್ಲೂಕು ಆಸ್ಪತ್ರೆಗಳ ಕಿರಿಯ ವೈದ್ಯರು. ಮರಣಕಾರಣದ ಅಂಕಣದಲ್ಲಿ ಹೃದಯ ಮತ್ತು ಉಸಿರಾಟ ನಿಂತದ್ದರಿಂದ ಎಂದು ಬರೆದು ಕೈತೊಳೆದುಕೊಳ್ಳಬೇಕೇ, ಅಥವಾ ಎದೆನೋವು ಎಷ್ಟು ಹೊತ್ತಿಗೆ ಬಂದಿತು, ಮೊದಲು ಯಾರ ಬಳಿಗೆ ಹೋದರು, ಇಸಿಜಿ ಆಯಿತೇ ಎಂದು ಮನೆಯವರನ್ನು ಮೆಲ್ಲನೆ ಕೇಳಿ ಬರೆಯಬೇಕೇ ಎಂಬುದು ಅವರು ವಿದ್ಯಾರ್ಥಿಗಳಾಗಿದ್ದಾಗ ಏನನ್ನು ಕಲಿತಿದ್ದರೆಂಬುದನ್ನು ಅವಲಂಬಿಸಿದೆ.

ಅಧ್ಯಯನ ಮುಗಿದ ಮೇಲೆ ಫಲವನ್ನು ಮಾಹಿತಿ ಕೊಟ್ಟವರಿಗೇ ಹಿಂದಿರುಗಿಸಬೇಕೆಂಬುದು ಈಗಿನ ನೀತಿಸೂತ್ರಗಳು ಒತ್ತಿಹೇಳುವ, ಆದರೆ ವಿರಳವಾಗಿ ಪಾಲಿತವಾಗುವ ನಿಯಮ. ಹೊಗೆಸೊಪ್ಪಿನ ಅಧ್ಯಯನ ನಡೆಸಿದ ವಿದ್ಯಾರ್ಥಿನಿ ವರದಿಯನ್ನು ಒಪ್ಪಿಸಿದ ಬಳಿಕ ಅದೇ ಊರಿಗೆ ಹೋಗಿ, ಬ್ಯಾರನ್ನಿನ ಮುಂದೆ ಸೊಪ್ಪು ಪೋಣಿಸುತ್ತ ಕುಳಿತ ಹೆಂಗಸರಿಗೆ, ಒದ್ದೆ ಸೊಪ್ಪಿನಿಂದಲೇ ಹೆಚ್ಚು ಸಂಕಟ, ಕೈಗೆ ಗವಸು, ಮೈಗೆ ಮಳೆಕೋಟು ಹಾಕಿಕೊಂಡರೆ ಒಳ್ಳೆಯದು, ಮುರಿದು ಬಂದ ಕೂಡಲೇ ಸೋಪು ಹಚ್ಚಿ ಮೈ ತೊಳೆಯಿರಿ ಎಂದು ಹೇಳಿದರೆ, ಅವರಲ್ಲೊಬ್ಬಳು ಸೊಪ್ಪಿನಿಂದ ಕಣ್ಣೆತ್ತದೆಯೇ, ಮಳೆ ಇಲ್ಲದ ದಿನವೂ ಬೆಳಗ್ಗೆ ಇಬ್ಬನಿ ಇರ್ತದಲ್ಲವ್ವ, ಬಿಸಿಲೇರಿದ ಮೇಲೆ ಮುರಿದರೆ ವಾಸಿಯೋ ಎಂದು ಕೇಳಿಯೇ ಕೇಳುತ್ತಾಳೆ. ಸೊಪ್ಪು ಮುರಿದ ಹೊತ್ತು ಯಾವುದೆಂಬ ಅಂಕಣ ಪ್ರಶ್ನಾವಳಿಯಲ್ಲಿ ಇರಲಿಲ್ಲವೆಂಬುದು ಹುಡುಗಿಗೆ ಆಗ ಹೊಳೆಯುತ್ತದೆ. ಚೀಲದಿಂದ ಪುಸ್ತಕವನ್ನು ತೆಗೆದು, ಕೊನೆಯ ಹಾಳೆಯಲ್ಲಿ ಆ ಪ್ರಶ್ನೆಯನ್ನು ಆ ಹೆಂಗಸಿನ ಮಾತಿನಲ್ಲಿಯೇ ಬರೆದುಕೊಳ್ಳುತ್ತಾಳೆ.